ಬಲಾವು ಎಂದೇ ಪರಿಚಿತರಾದ

ಆ ದ್ವೀಪದಲ್ಲಿ ಯಾರಿಗೂ ಯಾರ ಕಾಗದದ ಹೆಸರೂ ಗೊತ್ತಿರುವುದಿಲ್ಲ. ಪಾದ್ರಿ ತಲೆಗೆ ನೀರು ಹಾಕಿ ಇಟ್ಟ ಹೆಸರು ಒಂದು, ಊರು ಬಾಯಿ ತುಂಬಾ ಕರೆಯುವ ಹೆಸರು ಇನ್ನೊಂದು. ಎರಡೂ ಒಟ್ಟಿಗೆ ಕಿವಿಗೆ ಬೀಳುವುದು ಮನುಷ್ಯ ಸತ್ತ ಮೇಲೆ, ರೇಡಿಯೋದಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಸಾವಿನ ಸುದ್ದಿ ಓದುವ ಕ್ಲಿಯೋಫಸ್‌ನ ಗಡಸು ದನಿ ಶುರುವಾಗುತ್ತದೆ: "ಆಲ್ಫನ್ಸ್ ವಿದಾಲ್, ಏಡಿ ಎಂದೇ ಪರಿಚಿತರಾದ..." ಆಗ ಮನೆಮನೆಯಲ್ಲೂ ಸೌಟು ನಿಲ್ಲುತ್ತದೆ. "ಅಯ್ಯೋ, ನಮ್ಮ ಏಡಿ ಹೋದ್ನಾ! ಅವನ ಹೆಸರು ಆಲ್ಫನ್ಸಾ? ಜೀವಮಾನವೆಲ್ಲ ಜೊತೇಲಿ ಡಾಮಿನೋ ಆಡಿದೀನಿ, ಗೊತ್ತೇ ಇರ್ಲಿಲ್ಲ ನೋಡು." ಅಲ್ಲಿಯವರೆಗೆ ಆ ಹೆಸರು ಚರ್ಚಿನ ಬೀರುವಿನಲ್ಲಿ ಬೆಚ್ಚಗೆ ಮಲಗಿರುತ್ತದೆ.

ವರ್ಲಿನ್ ಸೆರಫಿನ್‌ಗೆ ಈ ರೂಢಿ ಕಂಡರೆ ಮೈ ಉರಿಯುತ್ತಿತ್ತು. ಅವಳು ರೋಸೊ ಪಟ್ಟಣದಲ್ಲಿ, ಬಟ್ಟೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತು, ದ್ವೀಪದ ಸೇವಾ ಸಂಸ್ಥೆಗಳ ಒಕ್ಕೂಟದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದಳು. ಅನಾಥಾಲಯ, ಕುರುಡರ ಸಂಘ, ಚರ್ಚಿನ ಅನ್ನದ ಮನೆ, ಏಟು ತಿಂದ ಹೆಂಗಸರ ಆಶ್ರಯ, ಎಲ್ಲರಿಗೂ ಅದೇ ಒಂದು ಕಿಟಕಿ. ಯಾರ ಹತ್ತಿರ ಹಾಲಿನ ಪುಡಿ ಮಿಕ್ಕಿದೆ, ಎಲ್ಲಿ ಗಾಲಿಕುರ್ಚಿ ಸುಮ್ಮನೆ ಧೂಳು ತಿನ್ನುತ್ತಿದೆ, ಹೊರದೇಶದ ಯಾವ ಪುಣ್ಯಾತ್ಮರು ಯಾವ ಕೆಲಸಕ್ಕೆ ನೆರವು ಕೊಡುತ್ತಾರೆ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಮೊದಲು ಒಂದೊಂದು ಸಂಸ್ಥೆಯೂ ತನಗೆ ಗೊತ್ತಿದ್ದ ಸುದ್ದಿಯನ್ನು ಪಕ್ಕದವರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟುಕೊಳ್ಳುತ್ತಿತ್ತು. ಒಳ್ಳೆ ಕೆಲಸ ಮಾಡುವವರ ಹೊಟ್ಟೆಕಿಚ್ಚು ಕೆಟ್ಟ ಕೆಲಸ ಮಾಡುವವರಲ್ಲೂ ಇರುವುದಿಲ್ಲ. ಅವರನ್ನೆಲ್ಲ ಕಾಡಿ ಬೇಡಿ, ಬಾಯಿ ಬಿಡಿಸಿ, ಒಂದು ಕಡೆ ತಂದಿದ್ದು ವರ್ಲಿನ್. ಅದರ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಇರಬೇಕಾದದ್ದೇ.

ಆ ವರ್ಷ ಬಿರುಗಾಳಿಯ ಕಾಲ ಬರುವ ಮುಂಚೆ ವೆಬ್‌ಸೈಟ್‌ಗೆ ಹೊಸದೊಂದು ಪುಟ ಸೇರಿತು. ಗಾಳಿ ಬಂದು ಜನ ಚೆಲ್ಲಾಪಿಲ್ಲಿಯಾದರೆ, ಯಾರು ಯಾವ ಆಸ್ಪತ್ರೆಯಲ್ಲಿದ್ದಾರೆ, ಯಾವ ಶಾಲೆಯ ಜಗಲಿಯಲ್ಲಿ ಮಲಗಿದ್ದಾರೆ ಎಂದು ಮನೆಯವರು ಹೆಸರು ಬರೆದು ಹುಡುಕುವ ಪುಟ. ಅದನ್ನು ಕಟ್ಟಲು ನೆರವಾದದ್ದು ಲಂಡನ್ನಿನ ಒಂದು ಸಂಸ್ಥೆ. ಅಲ್ಲಿನ ಹ್ಯಾರಿಯೆಟ್ ಎಂಬಾಕೆ ವಿಡಿಯೋ ಕರೆಯಲ್ಲಿ ಪುಟವನ್ನು ಪರೀಕ್ಷೆ ಮಾಡುತ್ತ, ವರ್ಲಿನ್ ಮಾದರಿಗೆಂದು ತುಂಬಿದ್ದ ಹೆಸರುಗಳನ್ನು ಓದಿದಳು. ಕಾಗದದ ಹೆಸರಿನ ಪಕ್ಕದಲ್ಲಿ "ಕರೆಯುವ ಹೆಸರು" ಎಂದು ಇನ್ನೊಂದು ಖಾನೆಯಿತ್ತು. ಕೋಳಿಕಾಲು. ಬುರುಡೆ ಪಾದ್ರಿ. ಹಾಸಿಗೆ ಒದ್ದೆ.

ಲಂಡನ್ನಿನ ಕೋಣೆಯಲ್ಲಿ ನಗು ಎದ್ದಿತು. ಕೆಟ್ಟ ನಗುವೇನಲ್ಲ, ಮಕ್ಕಳ ಆಟ ನೋಡಿ ನಗುತ್ತಾರಲ್ಲ, ಅಂಥದ್ದು. ವರ್ಲಿನ್ ಕೂಡ ನಕ್ಕಳು, ಕೆನ್ನೆ ಸುಡುತ್ತಿತ್ತು.

"ಎಷ್ಟು ಚೆನ್ನಾಗಿದೆ! ಇದು ಇರ್ಲಾ ವರ್ಲಿನ್? ನಿಮಗೆ ಬೇಕು ಅಂದ್ರೆ ಇರ್ಲಿ" ಎಂದಳು ಹ್ಯಾರಿಯೆಟ್.

"ಬೇಡ ಬೇಡ. ಅದೆಲ್ಲ ಹಳ್ಳಿ ಜನರ ಹುಡುಗಾಟ. ಗುರುತಿನ ಚೀಟೀಲಿರೋ ಹೆಸರು ಸಾಕು."

ಹ್ಯಾರಿಯೆಟ್ ಬೇಡ ಎನ್ನಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಖಾನೆಯನ್ನು ತೆಗೆದದ್ದು ವರ್ಲಿನ್, ತನ್ನ ಕೈಯಾರೆ, ಅದೇ ದಿನ. ರೇಡಿಯೋದ ಕ್ಲಿಯೋಫಸ್ ಇದನ್ನು ಕೇಳಿ ಮೆಟ್ಟಿಲು ಹತ್ತಿ ಬಂದು ಜಗಳಕ್ಕೇ ನಿಂತ. ಆತನಿಗೆ ವಯಸ್ಸಾಗಿತ್ತು, ಮಂಡಿ ನೋವಿತ್ತು, ಮಾತು ಮಾತ್ರ ಮೊಂಡಾಗಿರಲಿಲ್ಲ.

"ಏನಮ್ಮಾ ದೊರೆಸಾನಿ, ಹೆಸರಿಗೆ ಕತ್ತರಿ ಹಾಕಿದೀಯಂತೆ?"

"ಕಾಲ ಬದಲಾಗಿದೆ ಕ್ಲಿಯೋಫಸ್. ಹೊರಗಿನವರ ಮುಂದೆ ಕೋಳಿಕಾಲು, ಹಾಸಿಗೆ ಒದ್ದೆ ಅಂತ ಹಾಕಿದ್ರೆ ನಮ್ಮನ್ನ ಏನಂದ್ಕೊಳ್ತಾರೆ?"

"ಹುಡುಕೋರು ಹೊರಗಿನವರಾ? ಹಾಸಿಗೆ ಒದ್ದೆ ಹೆಂಡತಿ ತಾನೇ ಹುಡುಕೋದು?"

"ಹೆಂಡತಿಗೂ ಗಂಡನ ಹೆಸರು ಗೊತ್ತಿರಲ್ವಾ?"

"ಗೊತ್ತಿರುತ್ತೆ. ಹೆಂಡತಿ ಇಲ್ದಿರೋನನ್ನ ಯಾರು ಹುಡುಕ್ತಾರೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ಮಂಡಿ ಹಿಡಿದುಕೊಂಡು ಇಳಿದುಹೋದ. ವರ್ಲಿನ್ ಮೂಗು ಮುರಿದು ಕೆಲಸಕ್ಕೆ ಕೂತಳು.

ಸೆಪ್ಟೆಂಬರ್‌ನಲ್ಲಿ ಗಾಳಿ ಬಂತು. ಅದನ್ನು ವರ್ಣಿಸಿ ಪ್ರಯೋಜನವಿಲ್ಲ. ಅನುಭವಿಸಿದವರಿಗೆ ಬೇಕಿಲ್ಲ, ಉಳಿದವರು ನಂಬುವುದಿಲ್ಲ. ಬೆಳಗಾದಾಗ ಗುಡ್ಡಗಳ ಮೇಲೆ ಒಂದೆಲೆ ಹಸಿರಿರಲಿಲ್ಲ, ಬೆಂಕಿ ಹತ್ತಿ ಆರಿದಂತೆ ಕಾಣುತ್ತಿತ್ತು. ರಸ್ತೆಗಳು ಸಮುದ್ರಕ್ಕೆ ಕುಸಿದಿದ್ದವು. ಹಳ್ಳಿಗಳ ಫೋನು ಸತ್ತಿತ್ತು. ಪೆಟ್ಟಾದವರನ್ನು ಹೆಲಿಕಾಪ್ಟರುಗಳು ಎತ್ತಿಕೊಂಡು ಹೋಗಿ ಮಾರ್ಟಿನಿಕ್‌ನಂಥ ಫ್ರೆಂಚರ ದ್ವೀಪಗಳಲ್ಲಿ, ಹಡಗುಗಳಲ್ಲಿ, ಸಿಕ್ಕಸಿಕ್ಕ ಆಸ್ಪತ್ರೆಗಳಲ್ಲಿ ಇಳಿಸಿದವು. ಬಟ್ಟೆ ಅಂಗಡಿಯ ಅರ್ಧ ಛಾವಣಿ ಉಳಿದಿತ್ತು. ಪರಿಹಾರದವರು ಅದರ ಮೇಲೆ ಇಂಟರ್ನೆಟ್ಟಿಗೆಂದು ಉಪಗ್ರಹದ ತಟ್ಟೆ ನಿಲ್ಲಿಸಿ, ಜನರೇಟರ್ ಕೊಟ್ಟರು. ವರ್ಲಿನ್‌ಳ ಪುಟಕ್ಕೆ ಜೀವ ಬಂತು. ಆಸ್ಪತ್ರೆಗಳಿಂದ ಹೆಸರುಗಳು ಬಂದು ಬೀಳತೊಡಗಿದವು, ಕೆಳಗೆ ಮೆಟ್ಟಿಲ ಉದ್ದಕ್ಕೂ ಜನ ನಿಂತರು.

"ಯಾರನ್ನ ಹುಡುಕ್ಬೇಕು?"

"ನಮ್ಮ ಅಣ್ಣ. ಸುತ್ತಿಗೆ."

"ಚೀಟೀಲಿರೋ ಹೆಸರು ಹೇಳಿ."

"ಸುತ್ತಿಗೆ ಅಂದ್ರೆ ಎಲ್ರಿಗೂ ಗೊತ್ತಮ್ಮಾ. ಬಡಗಿ. ನಮ್ಮಮ್ಮನೂ ಹಾಗೇ ಕರೀತಿದ್ಲು."

"ಊರಿಗೆ ಗೊತ್ತಮ್ಮಾ, ಮೆಷಿನ್‌ಗೆ ಗೊತ್ತಿಲ್ಲ. ಹೋಗಿ ಯಾರನ್ನಾದ್ರೂ ಕೇಳ್ಕೊಂಡು ಬನ್ನಿ."

"ಯಾರನ್ನ ಕೇಳ್ಲಿ? ಪಾದ್ರಿ ಮನೇನೇ ಹಾರೋಗಿದೆ."

ಹೀಗೆ ಹಿಂದಿರುಗಿದವರು ಬಹಳ ಜನ. ಕೆಲವರಿಗೆ ಹೆಸರು ಸಿಕ್ಕಿತು, ಆಸ್ಪತ್ರೆಯ ವಿಳಾಸ ಸಿಕ್ಕಿತು, ಮೆಟ್ಟಿಲ ಮೇಲೇ ಕುಣಿದಾಡಿದರು, ವರ್ಲಿನ್‌ಳ ಕೈಗೆ ಮುತ್ತಿಟ್ಟರು. ಅಂಥ ಹೊತ್ತಿನಲ್ಲಿ ಅವಳಿಗೂ ಅಳು ಬರುತ್ತಿತ್ತು. ಸಿಗದವರಿಗೆ ಪರದೆಯ ಮೇಲೆ ಬರುತ್ತಿದ್ದ ಮಾತನ್ನು ಅವಳು ಓದಿ ಹೇಳುತ್ತಿದ್ದಳು: ನೀವು ಹುಡುಕಿದ ಹೆಸರು ಇಲ್ಲಿ ಇಲ್ಲ.

ಅವಳೂ ಒಬ್ಬನ ದಾರಿ ನೋಡುತ್ತಿದ್ದಳು, ಯಾರಿಗೂ ಹೇಳಿರಲಿಲ್ಲ. ಪಟ್ಟಣಕ್ಕೆಲ್ಲ ಅವಳು ಮಿಸ್ ಸೆರಫಿನ್. ಅದು ತಾಯಿಯ ಮನೆತನದ ಹೆಸರು. ಜನನ ಪತ್ರದಲ್ಲಿ ತಂದೆಯ ಜಾಗ ಖಾಲಿ. ಆದರೆ ಹುಟ್ಟೂರಿಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಆತ ಬಲಾವು ಎಂದು. ಬಲಾವು ಎಂದರೆ ಆ ಕಡಲಿನ ಒಂದು ಮೀನು, ಕಡ್ಡಿಯಂತೆ ತೆಳ್ಳಗೆ, ಮೂತಿ ಉದ್ದ. ಆತನೂ ಹಾಗೇ ಇದ್ದ. ದಕ್ಷಿಣದ ಪ್ವಾಂತ್ ಮಿಯೆಲ್ ಎಂಬ ಹಳ್ಳಿಯಲ್ಲಿ, ದೋಣಿ ಇಡುವ ಗುಡಿಸಲಿನಲ್ಲೇ ಒಬ್ಬನೇ ಬಾಳಿದ. ಅವಳ ತಾಯಿಯ ಮನೆಗೆ ಒಂದು ರಾತ್ರಿಯೂ ಬಂದು ನಿಂತವನಲ್ಲ, ಆದರೆ ಶನಿವಾರ ತಪ್ಪದೆ ದಾರದಲ್ಲಿ ಪೋಣಿಸಿದ ಮೀನು ಬಾಗಿಲಿಗೆ ನೇತುಹಾಕಿ, "ತಿ-ಸಿಕ್, ಏಳೇ, ಅಪ್ಪ ಬಂದಿದೀನಿ" ಎಂದು ಕೂಗುತ್ತಿದ್ದ. ತಿ-ಸಿಕ್, ಸಕ್ಕರೆಪುಟ್ಟಿ. ತಾಯಿ ಸತ್ತ ಮೇಲೆ ಆ ಹೆಸರು ಹಿಡಿದು ಕರೆಯುವವನು ಭೂಮಿಯ ಮೇಲೆ ಅವನೊಬ್ಬನೇ ಉಳಿದಿದ್ದ. ಪಟ್ಟಣಕ್ಕೆ ಬಂದಾಗಲೂ ಹೀಗೇ ಕೆಳಗಿನಿಂದ ಕೂಗುತ್ತಿದ್ದ. ಅವಳು ನಾಚಿಕೆಯಿಂದ ಓಡಿಬಂದು ಮೀನು ಕಸಿದುಕೊಂಡು, "ಇಲ್ಲಿ ಹಾಗೆ ಕರೀಬೇಡಪ್ಪಾ" ಎನ್ನುತ್ತಿದ್ದಳು. ಆತ ನಗುತ್ತಿದ್ದ.

ಗಾಳಿ ನಿಂತ ಮುಂದಿನ ವಾರ ದಕ್ಷಿಣದಿಂದ ಒಂದು ದೋಣಿ ಬಂತು. ಅದರಲ್ಲಿ ಬಂದವರಲ್ಲಿ ಬಲಾವುವಿನ ಪಕ್ಕದ ಗುಡಿಸಲಿನ ಮುದುಕಿ ತಾಂತೀ ಇಯೋನಿ, ಊರಿಗೆಲ್ಲ ಇಯೋನಿ ಚಿಕ್ಕಮ್ಮ, ಇದ್ದಳು. ಸಾಲಿನವರನ್ನೆಲ್ಲ ಮೊಣಕೈಯಿಂದ ಸರಿಸಿ ನೇರ ಮೇಲೆ ಬಂದು, ವರ್ಲಿನ್‌ಳ ಎರಡೂ ಕೆನ್ನೆ ಹಿಡಿದುಕೊಂಡಳು.

"ಬದುಕಿದಾನೆ ಕಣೇ! ನಿಮ್ಮಪ್ಪ ಬದುಕಿದಾನೆ. ತೊಲೆ ಬಿದ್ದು ಕಾಲು ಜಜ್ಜಿಹೋಗಿದೆ. ಸಿಪಾಯಿಗಳು ಬಂದು ಎತ್ತಿಕೊಂಡು ಹೋದ್ರು, ಆ ಗಿರಗಿರ ತಿರುಗೋ ಗಾಡೀಲಿ."

ವರ್ಲಿನ್‌ಗೆ ಹೋದ ಜೀವ ಬಂದಂತಾಯಿತು. "ಎಲ್ಲಿಗೆ ತಾಂತೀ? ಯಾವ ಆಸ್ಪತ್ರೆಗೆ?"

"ನಂಗೇನು ಗೊತ್ತು? ಆಕಾಶಕ್ಕೆ ಹೋಯ್ತು. ನಿಂಗೆ ಹೇಳು ಅಂದ. 'ತಿ-ಸಿಕ್‌ಗೆ ಹೇಳು, ಅವಳ ಹತ್ರ ಮೆಷಿನ್ ಇದೆ, ಅವಳು ನನ್ನ ಹುಡುಕ್ತಾಳೆ' ಅಂದ. ನೋವಲ್ಲೂ ಏನು ಜಂಬ ಅವನಿಗೆ! ಸಿಪಾಯಿಗೂ ಅದನ್ನೇ ಹೇಳ್ತಿದ್ದ, ನನ್ನ ಮಗಳು ಇಡೀ ದ್ವೀಪದ ಲೆಕ್ಕ ಇಟ್ಟಿದಾಳೆ ಅಂತ. ಹ್ಞೂಂ, ಹುಡುಕು ಮತ್ತೆ. ಒತ್ತು ಗುಂಡಿ."

ವರ್ಲಿನ್ ಕೀಲಿಮಣೆಯ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

"ತಾಂತೀ, ಅಪ್ಪನ ಹೆಸರೇನು?"

"ಅಯ್ಯೋ ಇದರ! ಬಲಾವು."

"ಅದಲ್ಲ. ಚೀಟೀಲಿರೋದು."

ಮುದುಕಿ ಅವಳ ಮುಖವನ್ನೇ ನೋಡಿದಳು. "ನಿಮ್ಮಪ್ಪನ ಹೆಸರು ನನ್ನ ಕೇಳ್ತೀಯಲ್ಲೇ? ಹುಡುಗನಾಗಿದ್ದಾಗ ಉತ್ತರದ ಕಡೆಯಿಂದ ಯಾರದೋ ದೋಣೀಲಿ ಬಂದ. ಬಂದ ದಿನದಿಂದ ಬಲಾವು. ಲಾರೆಂಟ್ ಅಂತ ಯಾರೋ ಅಂದಿದ್ರು. ಪ್ರಾಸ್ಪರ್ ಅಂತಲೂ ಅಂದಿದ್ರು. ಯಾವನಿಗೆ ಬೇಕಿತ್ತು?"

ಲಾರೆಂಟ್ ಎಂದು ಒತ್ತಿದಳು. ಪ್ರಾಸ್ಪರ್ ಎಂದು ಒತ್ತಿದಳು. ಕೊನೆಗೆ, ಬರುವುದಿಲ್ಲ ಎಂದು ಗೊತ್ತಿದ್ದೂ, ಬಲಾವು ಎಂದು ಒತ್ತಿದಳು. ನೀವು ಹುಡುಕಿದ ಹೆಸರು ಇಲ್ಲಿ ಇಲ್ಲ.

ದಿಗಿಲನ್ನು ಹೊರಗೆ ತೋರಿಸಿಕೊಳ್ಳದೆ ತಾಂತೀ ಇಯೋನಿಗೆ ಬಿಸ್ಕತ್ತು, ನೀರು ಕೊಟ್ಟು ಕಳಿಸಿ, ವಯಸ್ಸಾದ ಗಂಡಸರ ಹೆಸರುಗಳನ್ನು ಒಂದೊಂದಾಗಿ ತೆಗೆದು ಕೂತಳು. ಅಪ್ಪನ ವಯಸ್ಸೂ ಅವಳಿಗೆ ಖಚಿತವಾಗಿ ಗೊತ್ತಿರಲಿಲ್ಲ, ಎಪ್ಪತ್ತರ ಆಸುಪಾಸು. ಅಂಥವರು ಕೈಬೆರಳಿಗೆ ಮೀರಿ ಇದ್ದರು. ಕಾಲು ಮುರಿದವರು, ತಲೆ ಒಡೆದವರು ಎಂಬ ವಿವರ ಪುಟದಲ್ಲಿ ಇರಲಿಲ್ಲ, ರೋಗಿಗಳ ಗುಟ್ಟು ಕಾಯಬೇಕೆಂದು ಅದನ್ನೂ ಅವಳೇ ಒಪ್ಪಿ ತೆಗೆಸಿದ್ದಳು. ಲಂಡನ್ನಿಗೆ ಬರೆದಳು: ತೆಳ್ಳನೆಯ ಮೀನುಗಾರ, ಕಾಲು ಜಜ್ಜಿದೆ, ಬಲಾವು ಎಂದು ಕರೆಯುತ್ತಾರೆ, ಯಾವ ಆಸ್ಪತ್ರೆಯಲ್ಲಿದ್ದಾರೆಂದು ದಯವಿಟ್ಟು ವಿಚಾರಿಸಿ. ಉತ್ತರ ಬಂತು, ತುಂಬ ಮರ್ಯಾದೆಯಿಂದ. ಗುರುತಿನ ಚೀಟಿಯ ಹೆಸರು, ಹುಟ್ಟಿದ ತಾರೀಖು ಇಲ್ಲದೆ ಆಸ್ಪತ್ರೆಗಳನ್ನು ಕೇಳುವಂತಿಲ್ಲ. ಕರೆಯುವ ಹೆಸರಿನ ಖಾನೆ ಮತ್ತೆ ಬೇಕೆಂದರೆ ಮನವಿ ಕಳಿಸಬಹುದು, ಮುಂದಿನ ಸಭೆಯಲ್ಲಿ ನೋಡುತ್ತೇವೆ. ಈಗಿನ ಪುಟಕ್ಕೆ ಒಪ್ಪಿಗೆ ಕೊಟ್ಟವರು ನೀವೇ ಎಂಬುದು ನಿಮಗೆ ನೆನಪಿರಬಹುದು.

ನೆನಪಿಲ್ಲದೆ ಏನು! ಮನವಿ ಕಳಿಸಿದಳು. ಖಾನೆ ಸೇರಿಸುವುದು ಅವಳಿಗೇ ಬರುತ್ತಿತ್ತು, ಅರ್ಧ ಗಂಟೆಯ ಕೆಲಸ. ಆದರೆ ಅಪ್ಪಣೆ ಇಲ್ಲದೆ ಮುಟ್ಟಿದರೆ ಏನೆಂದುಕೊಂಡಾರು, ಪುಟವನ್ನೇ ನಿಲ್ಲಿಸಿಬಿಟ್ಟರೆ ಈ ಮೆಟ್ಟಿಲ ತುಂಬ ನಿಂತವರ ಗತಿಯೇನು ಎಂದು ಹೆದರಿದಳು. ಮರ್ಯಾದಸ್ಥರ ಹೆದರಿಕೆ ಇದು. ಬಲಾವುವಿನಂಥವನು ಆಗಿದ್ದರೆ ಬಾಗಿಲು ಒದ್ದು ಒಳಗೆ ಹೋಗಿರುತ್ತಿದ್ದ.

ಕೊನೆಗೆ ಕ್ಲಿಯೋಫಸ್‌ನ ಹತ್ತಿರ ಹೋದಳು. ಆತ ರೇಡಿಯೋ ಕೋಣೆಯ ಹೊರಗೆ ಹಲಸಿನಂಥ ಬ್ರೆಡ್‌ಫ್ರೂಟಿನ ಸುಟ್ಟ ಹೋಳು ತಿನ್ನುತ್ತ ಕೂತಿದ್ದ. ನೋಡಿದ ಕೂಡಲೇ ಅರ್ಧ ಮುರಿದು ಕೊಟ್ಟ. ಹಂಗಿಸುತ್ತಾನೆ ಎಂದುಕೊಂಡಿದ್ದಳು, ಹಂಗಿಸಲಿಲ್ಲ.

"ರೇಡಿಯೋ ಕಂಬ ಮುರಿದು ಅರ್ಧ ಆಗಿದೆ ಮಗಳೇ, ದನಿ ಗುಡ್ಡ ದಾಟಲ್ಲ. ಆದ್ರೂ ದಿನಾ ಹೇಳ್ತೀನಿ. ಪ್ವಾಂತ್ ಮಿಯೆಲ್‌ನ ಬಲಾವು ಎಲ್ಲಿದಾರೆ ಅಂತ ಗೊತ್ತಿದ್ದೋರು ಹೇಳಿ ಅಂತ. ಮಗಳು ಕೇಳ್ತಿದಾಳೆ ಅಂತ ಹೇಳ್ಲಾ?"

"ಹೇಳಿ."

"ಯಾರ ಮಗಳು ಅಂತ ಎಲ್ರಿಗೂ ಗೊತ್ತಾಗುತ್ತೆ. ಪರವಾಗಿಲ್ವಾ?"

"ಗೊತ್ತಾಗ್ಲಿ ಕ್ಲಿಯೋಫಸ್. ಸಾಕಾಗಿದೆ ನಂಗೆ."

ದಿನಾ ಹೇಳಿದ. ಕೇಳಬೇಕಾದವರು ಗುಡ್ಡದ ಆಚೆ, ಕಡಲಿನ ಆಚೆ ಇದ್ದರು. ವರ್ಲಿನ್ ಹಗಲೆಲ್ಲ ಬೇರೆಯವರ ಅಪ್ಪಂದಿರನ್ನು ಹುಡುಕಿದಳು. ನಡುವೆ ಬಿಡುವಾದಾಗ, ಯಾರೂ ವಿಚಾರಿಸದೆ ಉಳಿದ ಹೆಸರುಗಳನ್ನು ಗಟ್ಟಿಯಾಗಿ ಓದುವುದು ಅವಳಿಗೆ ಅಭ್ಯಾಸವಾಯಿತು, ಮೆಟ್ಟಿಲ ಮೇಲಿನವರಲ್ಲಿ ಯಾರಿಗಾದರೂ ಹೊಳೆಯಲಿ ಎಂದು. ಮನೆಯವರು ಸಿಕ್ಕಂತೆ ಆ ಹೆಸರುಗಳು ಕಡಿಮೆಯಾಗುತ್ತಾ ಬಂದವು. ಕೆಲವು ಮಾತ್ರ ಅಲ್ಲೇ ಕೂತಿದ್ದವು.

"ಎಮಾನ್ಯುಯೆಲ್ ತುಸೇಂತ್. ಯಾರಿಗಾದ್ರೂ ಗೊತ್ತಾ? ಹೆಸ್ಕಿತ್ ಲರೋಂದ್. ಮಾರ್ಟಿನಿಕ್‌ನಲ್ಲಿದಾರೆ. ಹೆಸ್ಕಿತ್ ಲರೋಂದ್, ಯಾರೂ ಇಲ್ವಾ?"

"ಲರೋಂದ್‌ಗಳು ಉತ್ತರದೋರಮ್ಮಾ. ಈ ಕಡೆ ಯಾರೂ ಇಲ್ಲ" ಎಂದ ಸಾಲಿನಲ್ಲಿದ್ದ ಒಬ್ಬ.

"ಪಾಪ, ಯಾರ ಮನೆಯೋರೋ. ಒಬ್ರೂ ಕೇಳ್ಕೊಂಡು ಬಂದಿಲ್ಲ" ಎಂದು ವರ್ಲಿನ್ ಮುಂದಿನ ಹೆಸರಿಗೆ ಹೋದಳು. ಉತ್ತರದವನಾದರೆ ಉತ್ತರದವರು ನೋಡಿಕೊಳ್ಳಲಿ. ಅಪ್ಪ ಉತ್ತರದಿಂದ ಬಂದವನು ಎಂದು ತಾಂತೀ ಹೇಳಿದ್ದು ಅವಳ ತಲೆಗೆ ಬರಲಿಲ್ಲ. ಅವಳಿಗೆ ಬಲಾವು ಎಂದರೆ ಪ್ವಾಂತ್ ಮಿಯೆಲ್, ದೋಣಿ, ಶನಿವಾರ. ಹೆಸ್ಕಿತ್ ಲರೋಂದ್ ಎಂದರೆ ಕೋಟು ಹಾಕಿದ ಯಾರೋ ಮೇಷ್ಟ್ರು ಕಣ್ಣ ಮುಂದೆ ಬರುತ್ತಿದ್ದ. ಕಾಗದದ ಹೆಸರು ಅಷ್ಟೊಂದು ದೂರದ್ದು, ಹೆತ್ತ ಅಪ್ಪನಿಗೂ ಹೊಂದುವುದಿಲ್ಲ.

ಮುಂದಿನ ವಾರ ಆಸ್ಪತ್ರೆಗಳಿಂದ ಸತ್ತವರ ಹೆಸರುಗಳು ಬಂದವು. ವರ್ಲಿನ್ ಅವನ್ನು ಎಂದಿನಂತೆ ಪ್ರತಿ ತೆಗೆದು ರೇಡಿಯೋಗೆ ಕಳಿಸಿದಳು. ಅದರಲ್ಲಿ ಹೆಸ್ಕಿತ್ ಲರೋಂದ್ ಹೆಸರೂ ಇತ್ತು. ಅಯ್ಯೋ, ಆ ಉತ್ತರದ ಮುದುಕ, ಕೊನೆಗೂ ಯಾರೂ ಹೋಗಲಿಲ್ಲವಲ್ಲ ಎಂದು ಒಂದು ಗಳಿಗೆ ಮನಸ್ಸು ಮರುಗಿತು. ಅಷ್ಟೇ. ಸಾಲು ದೊಡ್ಡದಿತ್ತು.

ಬೇರೆ ಊರಿನ ರೇಡಿಯೋದವರಾಗಿದ್ದರೆ ಆ ಹೆಸರನ್ನು ಓದಿ ಮುಗಿಸಿಬಿಡುತ್ತಿದ್ದರು. ಕ್ಲಿಯೋಫಸ್ ಹಾಗೆ ಮಾಡಲಿಲ್ಲ. ಇನ್ನೊಂದು ಹೆಸರಿಲ್ಲದೆ ಸಾವು ಓದಿದರೆ ಯಾರೂ ಸತ್ತಂತೆಯೇ ಅಲ್ಲ ಎಂಬುದು ಅವನ ಹಟ. ಉತ್ತರಕ್ಕೆ ಕಲ್ಲು ಮಣ್ಣು ಸರಿಸುತ್ತ ಹೊರಟ ವ್ಯಾನಿನ ಚಾಲಕರಿಗೆಲ್ಲ ಹೇಳಿಕಳಿಸಿದ: ಲರೋಂದ್ ಮನೆಯವರು ಯಾರಾದರೂ ಸಿಕ್ಕರೆ ಕೇಳಿ, ಹೆಸ್ಕಿತ್ ಯಾರು, ಏನೆಂದು ಕರೆಯುತ್ತಿದ್ದಿರಿ. ಮತ್ತೆ ಕೆಲವು ದಿನಗಳಾದ ಮೇಲೆ ಒಬ್ಬ ಚಾಲಕ ಸುದ್ದಿ ತಂದ.

ಅವತ್ತು ಕ್ಲಿಯೋಫಸ್ ರೇಡಿಯೋ ಕೋಣೆಗೆ ಹೋಗದೆ ಮೊದಲು ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದ. ಮಂಡಿ ಹಿಡಿದುಕೊಂಡು, ಒಂದೊಂದೇ. ಸಾಲಿನಲ್ಲಿದ್ದವರು ಅವನ ಮುಖ ನೋಡಿ ದಾರಿ ಬಿಟ್ಟರು. ಈತ ಮನೆಬಾಗಿಲಿಗೆ ಬಂದರೆ ಏಕೆ ಬಂದಾನು ಎಂಬುದು ದ್ವೀಪಕ್ಕೆಲ್ಲ ಗೊತ್ತು. ವರ್ಲಿನ್‌ಗೂ ಗೊತ್ತಿತ್ತು. ಎದ್ದು ನಿಂತಳು.

"ಕೂತ್ಕೋ ಮಗಳೇ."

"ಹೇಳಿಬಿಡಿ."

"ರೇಡಿಯೋ ಪೆಟ್ಟಿಗೆಯಿಂದ ನಿನ್ನ ಕಿವಿಗೆ ಬೀಳೋದು ಬೇಡ ಅಂತ ಬಂದೆ." ಎದುರಿಗೆ ಕೂತು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ಉತ್ತರದಲ್ಲಿ ಲರೋಂದ್ ಮನೆಯ ಮುದುಕಿ ಒಬ್ಬಳಿದಾಳೆ. ಕಣ್ಣು ಕಾಣಲ್ಲ. ನನ್ನ ತಮ್ಮ ಹೆಸ್ಕಿತ್, ಹುಡುಗನಾಗಿದ್ದಾಗಲೇ ಮನೇಲಿ ಜಗಳ ಆಡ್ಕೊಂಡು ದೋಣಿ ಹತ್ತಿ ದಕ್ಷಿಣಕ್ಕೆ ಹೋದ ಅಂದ್ಲಂತೆ. ಮೀನಿನ ಹಾಗೆ ಇದ್ದ ಅಂದ್ಲಂತೆ. ಬಲಾವು ಅಂತಿದ್ವಿ ಅಂದ್ಲಂತೆ."

ಹೆಸ್ಕಿತ್ ಲರೋಂದ್ ಎಂದು ತಾನೇ ಗಟ್ಟಿಯಾಗಿ ಓದಿದ್ದು, ಒಂದಲ್ಲ ಎರಡಲ್ಲ, ಎಷ್ಟೋ ಸಲ, ಈ ಕುರ್ಚಿಯಲ್ಲೇ ಕೂತು, ವರ್ಲಿನ್‌ಗೆ ನೆನಪಾಗುತ್ತಾ ಹೋಯಿತು. ಯಾರೂ ಇಲ್ವಾ ಎಂದು ಕೇಳಿದ್ದು. ಪಾಪ, ಯಾರ ಮನೆಯೋರೋ ಎಂದದ್ದು. ಅವಳು ಕೂತಳು, ಕೂತಮೇಲೆ ಬಾಯಿ ಮುಚ್ಚಿಕೊಂಡು ಅತ್ತಳು, ಸಾಲಿನವರಿಗೆ ಕೇಳಬಾರದೆಂದು. ಆಗಲೂ ಆ ಮರ್ಯಾದೆ ಬಿಡಲಿಲ್ಲ. ನೆನೆಸಿಕೊಂಡರೆ ಸಂಕಟವಾಗುತ್ತದೆ.

ಅಳು ನಿಂತ ಮೇಲೆ ಕ್ಲಿಯೋಫಸ್ ಮೆಲ್ಲಗೆ ಕೇಳಿದ, "ಓದ್ಬೇಕು ನಾನು. ಯಾರನ್ನ ಅಗಲಿದಾರೆ ಅನ್ನೋ ಕಡೆ ಅಕ್ಕನ ಹೆಸರಿದೆ. ಮಗಳು ಅಂತ ನಿನ್ನ ಹಾಕ್ಲಾ?"

"ಹಾಕಿ."

"ಎರಡು ಹೆಸರೂ ಬೇಕು. ನನ್ನ ಪದ್ಧತಿ ಗೊತ್ತಲ್ಲ."

"ವರ್ಲಿನ್ ಸೆರಫಿನ್" ಎಂದಳು. "ತಿ-ಸಿಕ್."

ಮಧ್ಯಾಹ್ನ ಕೆಳಗಿನ ಅಂಗಡಿಯ ರೇಡಿಯೋದಿಂದ ಅದು ಕೇಳಿಬಂತು. ಹೆಸ್ಕಿತ್ ಲರೋಂದ್, ಬಲಾವು ಎಂದೇ ಪರಿಚಿತರಾದ, ಪ್ವಾಂತ್ ಮಿಯೆಲ್‌ನ ಮೀನುಗಾರರು. ಮಗಳು ವರ್ಲಿನ್, ತಿ-ಸಿಕ್ ಎಂದೇ ಪರಿಚಿತರಾದವರನ್ನು ಅಗಲಿದ್ದಾರೆ. ಮೆಟ್ಟಿಲ ಮೇಲಿದ್ದ ಒಬ್ಬ ಗಂಡಸು ಟೋಪಿ ತೆಗೆದ. ಯಾರೂ ನಗಲಿಲ್ಲ.

ಅಷ್ಟರಲ್ಲಿ ಹೊರದೇಶಕ್ಕೆ ಫೋನು ಹೋಗುತ್ತಿತ್ತು. ಅವಳು ಯಾರ ಅಪ್ಪಣೆಯನ್ನೂ ಕೇಳದೆ ಮಾರ್ಟಿನಿಕ್‌ನ ಆಸ್ಪತ್ರೆಗೆ ಕರೆ ಮಾಡಿದಳು. ಎತ್ತಿಕೊಂಡ ದಾದಿ ಈ ದ್ವೀಪದವರ ಹಾಗೇ ಕ್ರಿಯೋಲ್ ಭಾಷೆ ಮಾತಾಡುವವಳು.

"ಬಲಾವು ಅಜ್ಜನ ಮಗಳಾ? ಅಯ್ಯೋ ದೇವರೇ, ಈಗ ಮಾಡ್ತಿದೀಯಲ್ಲಮ್ಮಾ."

"ನಂಗೆ ಹೆಸರು ಗೊತ್ತಿರ್ಲಿಲ್ಲ" ಎಂದಳು ವರ್ಲಿನ್.

"ನಾವು ಎರಡು ಹೆಸರೂ ಬರೆದು ಕಳಿಸಿದ್ವಲ್ಲ! ನಮ್ಮಲ್ಲೂ ನಿಮ್ಮ ಹಾಗೇ ಕಣಮ್ಮಾ, ಕರೆಯೋ ಹೆಸರು ಬರೀದೆ ಯಾರೂ ಸಿಗಲ್ಲ. ಅಂಗಿ ಜೇಬಲ್ಲಿ ಮೀನುಗಾರರ ಚೀಟಿ ಇತ್ತು, ಅದರಲ್ಲಿರೋ ಹೆಸರು ಒಂದು ಕಡೆ. ಬಲಾವು ಅನ್ನೋದು ನಮ್ಮ ಪಟ್ಟಿಯ ಕೊನೇ ಖಾನೇಲಿ. ಮಗಳು ತಿ-ಸಿಕ್‌ನ ಕೇಳ್ತಿದಾರೆ ಅಂತಲೂ ಅಲ್ಲೇ ಬರೆದಿದ್ದೆ, ನಾನೇ ಬರೆದಿದ್ದು. ಬರ್ಲಿಲ್ವಾ?"

ಬಂದಿರಲಿಲ್ಲ. ಅದಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ಯಾವ ಖಾನೆಗೆ ಪುಟದಲ್ಲಿ ಜಾಗವಿಲ್ಲವೋ ಅದರಲ್ಲಿದ್ದದ್ದು ದಾರಿಯಲ್ಲೇ ಉದುರಿಹೋಗುತ್ತದೆ, ಪುಟವನ್ನು ಕಟ್ಟಿದ್ದೇ ಹಾಗೆ. ಕಟ್ಟಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನೋವಲ್ಲಿದ್ರಾ?"

ಸುಳ್ಳು ಹೇಳಲೋ ಬೇಡವೋ ಎಂದು ದಾದಿ ಯೋಚಿಸಿದ್ದಿರಬೇಕು. "ಕಾಲು ಕೊಳೀತಾ ಬಂತು. ಕತ್ತರಿಸ್ಬೇಕು ಅಂದ್ರು ಡಾಕ್ಟ್ರು. 'ಮಗಳು ಬರ್ಲಿ, ಅವಳು ಹೇಳಿದ ಹಾಗೆ ಮಾಡಿ' ಅಂತ ಕೂತ್ರು, ಬೇರೆ ಯಾರ ಮಾತೂ ಕೇಳ್ಲಿಲ್ಲ. ಇವತ್ತು ಬರ್ತಾಳೆ, ನಾಳೆ ಬರ್ತಾಳೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಬಾಗಿಲು ನೋಡ್ತಿದ್ರು. ಅವಳ ಹತ್ರ ಮೆಷಿನ್ ಇದೆ, ಅವಳಿಗೆ ಗೊತ್ತಾಗೇ ಆಗುತ್ತೆ ಅಂತಿದ್ರು. ನಾವು ಕಾದ್ವಿ. ಆಮೇಲೆ ಕಾಯೋಕೆ ಏನೂ ಉಳೀಲಿಲ್ಲ."

ಫೋನು ಇಟ್ಟು ವರ್ಲಿನ್ ಕಂಪ್ಯೂಟರಿನ ಮುಂದೆ ಕೂತಳು. ಲಂಡನ್ನಿನಿಂದ ಇ-ಮೇಲ್ ಬಂದಿತ್ತು, ಅವಳ ಮನವಿಯನ್ನು ಮುಂದಿನ ಸಭೆಗೆ ತಳ್ಳಲಾಗಿದೆ ಎಂದು. ಅದನ್ನು ಪೂರ್ತಿ ಓದಲಿಲ್ಲ. ಪುಟವನ್ನು ಬಿಚ್ಚಿ, ಕಾಗದದ ಹೆಸರಿನ ಪಕ್ಕದಲ್ಲಿ, ತಾನು ಅಳಿಸಿದ್ದ ಜಾಗದಲ್ಲೇ, ಖಾನೆಯನ್ನು ಮತ್ತೆ ಕೂರಿಸಿದಳು. ಆಸ್ಪತ್ರೆಗಳು ಮೊದಲಿನಿಂದ ಕಳಿಸಿದ್ದನ್ನೆಲ್ಲ ಹೊಸದಾಗಿ ಒಳಗೆ ಬಿಟ್ಟಳು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಉದುರಿಹೋಗಿದ್ದ ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು. ಸುತ್ತಿಗೆ. ಕೋಳಿಕಾಲು. ಮೀಸೆ ಮೇರಿ. ಮೆಟ್ಟಿಲಿನಿಂದ ಎಂದೋ ಬರಿಗೈಯಲ್ಲಿ ಹಿಂದಿರುಗಿದವರು ಕೇಳಿಕೊಂಡು ಬಂದ ಹೆಸರುಗಳು.

ಹುಡುಕುವ ಜಾಗದಲ್ಲಿ ಬಲಾವು ಎಂದು ಒತ್ತಿದಳು.

ಈ ಸಲ ಪರದೆ ತಡಮಾಡಲಿಲ್ಲ. ನೀವು ಹುಡುಕಿದ ಹೆಸರು ಸಿಕ್ಕಿದೆ, ಒಬ್ಬರು, ಎಂದಿತು. ಆಸ್ಪತ್ರೆಯ ಹೆಸರು ಕೊಟ್ಟಿತು, ವಾರ್ಡು ಕೊಟ್ಟಿತು, ಹಾಸಿಗೆಯ ನಂಬರನ್ನೂ ಕೊಟ್ಟಿತು. ಮಗಳು ತಿ-ಸಿಕ್‌ನ ಕೇಳುತ್ತಿದ್ದಾರೆ ಎಂದಿತು. ಸತ್ತಿದ್ದಾರೆ ಎಂಬುದು ಅದರ ಕೆಳಗಿನ ಸಾಲಿನಲ್ಲಿತ್ತು.

ಬಾಗಿಲಲ್ಲಿ ಒಬ್ಬಳು ಮುದುಕಿ ನಿಂತಿದ್ದಳು, ಒಳಗೆ ಬರಲೋ ಬೇಡವೋ ಎಂದು. "ಆಮೇಲೆ ಬರ್ಲಾ ಮಗಳೇ?" ಎಂದಳು.

"ಬನ್ನಿ" ಎಂದಳು ವರ್ಲಿನ್. ಪರದೆಯ ಮೇಲಿನ ಹೆಸರನ್ನು ಅಳಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಏನಂತ ಕರೀತಿದ್ರಿ ಅವರನ್ನ?"